ಹುರ್ಮತೊಯ್ ಆಡಿದ ಮಾತು

ನೇಕಾರರ ಊರಾದ ಮಾರ್ಗಿಲಾನಿನಲ್ಲಿ, ಬಣ್ಣದಲ್ಲಿ ಅದ್ದುವ ಮುನ್ನ ರೇಷ್ಮೆ ಎಳೆಗಳಿಗೆ ಗಂಟು ಕಟ್ಟುವ ಕೆಲಸದಲ್ಲಿ ಹುರ್ಮತೊಯ್‌ಳನ್ನು ಮೀರಿಸುವವರಿರಲಿಲ್ಲ. ನೂರಾರು ವಿನ್ಯಾಸಗಳು ಅವಳ ತಲೆಯಲ್ಲೇ ಇದ್ದವು. ರಂಜಾನಿನ ಹತ್ತನೆಯ ಮಧ್ಯಾಹ್ನ, ಬಾದಾಮಿ ಹೂವಿನ ವಿನ್ಯಾಸ ಅರ್ಧ ಕಟ್ಟಿದ್ದಾಗ ಮುಂದಿನ ಗಂಟು ಎಲ್ಲಿಗೆಂದು ತೋಚಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. ಕತ್ತಿನ ಹಿಂದೆ ತಣ್ಣನೆ ಬೆವರಿಳಿಯಿತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಕೊಂಡು ಉಪವಾಸ ಬೇಡವೆಂದು ಡಾಕ್ಟರ್ ಸನೋಬರ್ ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ.

“ಎಳೆ ಸರಿಸಿದ್ದು ನೀನೇ ತಾನೆ?” ಎದುರಿಗಿದ್ದ ಸೊಸೆಯ ಮೇಲೆ ಹರಿಹಾಯ್ದಳು.

“ಮುಟ್ಟೇ ಇಲ್ಲ ಅತ್ತೆ. ಯಾಕೆ ಹಿಂಗೆ ಬಿಳಿಚ್ಕೊಂಡಿದೀರ?” ಎಂದಳು ಜೆಬಿನಿಸೊ.

ಅಲ್ಲಿಂದ ಮುಂದಿನದು ಹುರ್ಮತೊಯ್‌ಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಬಾಯೆಲ್ಲ ಸಿಹಿ. ಸನೋಬರ್ ಬೆರಳು ಚುಚ್ಚಿ ರಕ್ತ ನೋಡುತ್ತಿದ್ದಳು.

“ಮಿದುಳಿಗೆ ಸಕ್ಕರೆನೇ ಊಟ ಕಣಮ್ಮ. ಅದಿಳಿದ್ರೆ ನೆನಪೂ ಇಲ್ಲ, ನಾಲಿಗೆಗೆ ಲಗಾಮೂ ಇಲ್ಲ. ನಿನ್ನ ಸೊಸೆ ಕಲ್ಲುಸಕ್ಕರೆ ನೀರು ಕುಡಿಸ್ದೆ ಇದ್ದಿದ್ರೆ ನಿನಗೆ ಗೋರಿ ತೋಡಿಸ್ಬೇಕಿತ್ತು. ಅವಳ ಕೈಯನ್ನೇ ಕಚ್ಚಿದೀಯ!”

ಸೊಸೆಯ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಅವಳ ಕಣ್ಣು ಕೆಂಪಾಗಿದ್ದದ್ದು ಕಚ್ಚಿದ್ದಕ್ಕಲ್ಲ ಎಂದು ಹುರ್ಮತೊಯ್‌ಗೆ ಅನ್ನಿಸಿತು.

“ನಾನೇನಾದ್ರೂ ಅಂದ್ನಾ?”

“ಬಿಡಿ ಅತ್ತೆ.”

ಬಿಡುವುದಾದರೂ ಹೇಗೆ? ಉಪವಾಸ ನಿಲ್ಲಿಸಿದಳು, ಆದರೆ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಅಂಗಳದಲ್ಲಿ ಶತಪಥ ಹಾಕಿದಳು, ಕಟ್ಟಿದ ಗಂಟನ್ನೇ ಬಿಚ್ಚಿ ಕಟ್ಟಿದಳು. ನಾಲ್ಕನೆಯ ದಿನ ತಡೆಯದೆ ಸೊಸೆಯ ತೋಳು ಹಿಡಿದಳು. “ಹೇಳ್ಬಿಡೇ. ಸಾಯೋಹಂಗಾಗಿದೆ.”

“ಬಂಜೆ ಅಂದ್ರಿ. ಬಂಜೆ ಕೈ ತಾಗಿದ ಎಳೆಗೆ ಬಣ್ಣ ಹತ್ತಲ್ಲ ಅಂದ್ರಿ.”

ಸೊಸೆಗೆ ಮದುವೆಯಾಗಿ ಏಳು ವರ್ಷ, ಮಕ್ಕಳಾಗಿರಲಿಲ್ಲ. ಒಂದು ದಿನವೂ ಹುರ್ಮತೊಯ್ ಆ ಮಾತೆತ್ತಿದವಳಲ್ಲ. “ಸಕ್ಕರೆ ಇಳಿದಿತ್ತಲ್ಲೇ…” ಎನ್ನಹೋದವಳು ನಿಲ್ಲಿಸಿದಳು. ಸಕ್ಕರೆ ಲಗಾಮು ಬಿಚ್ಚಿತು, ಸರಿ. ಆ ಮಾತು ಏಳು ವರ್ಷ ಎಲ್ಲಿ ಬಿದ್ದುಕೊಂಡಿತ್ತು?

“ನನ್ನೊಳಗೇ ಇತ್ತು ಕಣೇ,” ಎಂದಳು. “ತಪ್ಪಾಯ್ತು. ಮರೆತುಬಿಡು ಅನ್ನೋಕೂ ಬಾಯಿಲ್ಲ.”

“ಮರೆಯೋ ಕಾಯಿಲೆ ನನಗಿಲ್ವಲ್ಲ ಅತ್ತೆ,” ಎಂದಳು ಜೆಬಿನಿಸೊ. ಆದರೆ ತೋಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಸಕ್ಕರೆ ಇಳಿದು ಬೆರಳು ನಡುಗತೊಡಗಿದರೆ ಸಾಕು, ಹುರ್ಮತೊಯ್ ತುಟಿ ಬಿಗಿದು ಸೊಸೆಯಿಂದ ದೂರ, ಅಂಗಳದಾಚೆಗೆ ಓಡುತ್ತಿದ್ದಳು. ಜೆಬಿನಿಸೊ ಬೊಗಸೆ ಒಣದ್ರಾಕ್ಷಿ ಹಿಡಿದು ಬೈಯುತ್ತಾ ಹಿಂದೆಯೇ ಹೋಗುತ್ತಿದ್ದಳು.