ಯತ್ತಪ್ಪನಿಗೆ ಎದುರಾಳಿಯಾಗಿ

ಯತ್ತಪ್ಪನಿಗೆ ವಾದ ಮಾಡುವುದನ್ನು ಕಲಿಸಲು ನಾನು ಒಪ್ಪಿಕೊಂಡದ್ದಕ್ಕೆ ಒಂದೇ ಕಾರಣ. ನಮ್ಮೂರ ಹಳ್ಳದ ಸೇತುವೆಗೆ ಆ ದಿನ ತಡೆಗೋಡೆ ಏಕಿರಲಿಲ್ಲ ಎಂದು ನನಗೆ ತಿಳಿಯಬೇಕಿತ್ತು. ಸೇತುವೆ ಕಟ್ಟಿದ ಗುತ್ತಿಗೆದಾರ ಅವನೇ.

ನನ್ನ ಗಂಡ ಗೌರೀಶ್ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬರುತ್ತಿದ್ದವರು ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಬೈಕನ್ನು ಸೇತುವೆಯ ಅಂಚಿಗೆ ತೆಗೆದುಕೊಂಡರು. ಅಂಚಿನಾಚೆ ಏನೂ ಇರಲಿಲ್ಲ. ಗೋಡೆ ಏನಾಯಿತು ಎಂದು ಒಂದು ಪಕ್ಷದವರನ್ನು ಕೇಳಿದರೆ, ಇನ್ನೊಂದು ಪಕ್ಷದ ಕಾಲದಲ್ಲಿ ಎಷ್ಟು ಸೇತುವೆ ಬಿದ್ದವು ಗೊತ್ತೇ ಎಂದು ನನ್ನನ್ನೇ ಕೇಳಿದರು. ಆ ಇನ್ನೊಂದು ಪಕ್ಷದವರು ಕಣ್ಣೀರು ಹಾಕಿದರು. ನಾನು ತತ್ತ್ವಶಾಸ್ತ್ರದ ಎಂ.ಎ. ಓದಿದವಳು, ತರ್ಕದ ಪತ್ರಿಕೆಯಲ್ಲಿ ನನಗೇ ಹೆಚ್ಚು ಅಂಕ. ಅವರ ಒಂದೊಂದು ಉತ್ತರದಲ್ಲಿಯೂ ಇರುವ ದೋಷಕ್ಕೆ ಏನು ಹೆಸರು ಎಂದು ಗೊತ್ತಿತ್ತು. ಗೊತ್ತಿದ್ದು ಏನೂ ಆಗಲಿಲ್ಲ.

ಚುನಾವಣೆಗೆ ಯತ್ತಪ್ಪ ನಿಂತ. ಅವನ ಎದುರಾಳಿ ಹನುಮಂತರಾಜು, ಶಿರಾದ ವಕೀಲ, ಮಾತಿನಲ್ಲಿ ಪಳಗಿದವನು. ಇಬ್ಬರನ್ನೂ ಶಿರಾದ ಕಲ್ಯಾಣಮಂಟಪದಲ್ಲಿ ಎದುರುಬದುರು ನಿಲ್ಲಿಸಿ ಚರ್ಚೆ ಮಾಡಿಸುವುದೆಂದು ನಿಶ್ಚಯವಾದಾಗ ಯತ್ತಪ್ಪ ನಮ್ಮ ಬಾಗಿಲಿಗೆ ಬಂದ. ಕರೆದರೂ ಒಳಗೆ ಬರಲಿಲ್ಲ. ತಾನಾಗಿ ಬರುತ್ತಿರಲಿಲ್ಲವೆಂದೂ, ಅವ್ವ ಹೊನ್ನಕ್ಕ ಕಳಿಸಿದಳೆಂದೂ ನೆಲ ನೋಡುತ್ತಾ ಹೇಳಿದ.

ನಾಲ್ಕು ಮಧ್ಯಾಹ್ನ ಅವರ ಹಟ್ಟಿಯ ಹೊಂಗೆಮರದ ಕೆಳಗೆ ಅಭ್ಯಾಸ ನಡೆಯಿತು. ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಯತ್ತಪ್ಪ, ಇನ್ನೊಂದರಲ್ಲಿ ಹನುಮಂತರಾಜುವಾಗಿ ನಾನು. ಬಿಸಿಲಿನಲ್ಲಿ ದೂರದ ಗುಡ್ಡ ನೆಲ ಬಿಟ್ಟು ತೇಲುತ್ತಿತ್ತು. ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆಯಿಟ್ಟು ಅಲುಗಾಡದೆ ನಿಂತಿದ್ದವು. ನನ್ನ ಬಾಯಿಂದ ಗಂಡಸಿನ ಗತ್ತಿನ ಮಾತು ಹೊರಡುತ್ತಿತ್ತು. ಅದು ನನ್ನ ಕಿವಿಗೆ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

ಕೇಳಿದ್ದಕ್ಕೆ ಉತ್ತರಿಸಬೇಡಿ, ನೀವು ಉತ್ತರಿಸಬಲ್ಲದ್ದನ್ನೇ ಅವನು ಕೇಳಿದನೆಂದು ತಿಳಿಯಿರಿ ಎಂದು ಹೇಳಿಕೊಟ್ಟೆ. ಕೆರೆಗೆ ಹಾಕಿದ ಪೈಪು ಸರಿಯಿಲ್ಲ ಎಂದು ಅವನು ಅಂದರೆ, ಹಾಗಾದರೆ ಕೆರೆ ತುಂಬುವುದೇ ಇವರಿಗೆ ಬೇಡವಂತೆ ಎಂದು ಜನರ ಕಡೆ ತಿರುಗಬೇಕು. ಅವನು ಕಾಗದ ತೋರಿಸಿದರೆ, ಅವನ ಮಾವ ಹಿಂದೆ ಯಾವ ಪಕ್ಷದಲ್ಲಿದ್ದ ಎಂದು ನೆನಪಿಸಬೇಕು. ಏನೂ ತೋಚದಿದ್ದರೆ ಹೆತ್ತ ತಾಯಿಯ ಮೇಲೆ ಆಣೆ ಇಡಬೇಕು.

ಕಂಬಳಿಯ ಮೇಲೆ ಕೂತಿದ್ದ ಹೊನ್ನಕ್ಕ, "ನನ್ನನ್ಯಾಕವ್ವ ಅಲ್ಲಿಗೆ ಎಳೀತೀರ?" ಎಂದಳು.

ಮೂರನೆಯ ದಿನದ ಹೊತ್ತಿಗೆ ಅವನು ನನ್ನನ್ನು ಸೋಲಿಸತೊಡಗಿದ. ಎಷ್ಟು ಬೇಗ ಕಲಿತರು ಎಂದು ನಾನು ಮೆಚ್ಚಿದರೆ ಹೊನ್ನಕ್ಕ ಒಪ್ಪಲಿಲ್ಲ. "ಚಿಕ್ಕೋನಿದ್ದಾಗ್ಲೂ ಇಂಗೇ ಕಣವ್ವ. ಬೆಲ್ಲ ತಿಂದ್ಯೇನ್ಲಾ ಅಂದ್ರೆ, ಡಬ್ಬ ಯಾಕ್ ಕೆಳಗಿಟ್ಟಿದ್ದೆ ಅಂತಿದ್ದ."

ನಾಲ್ಕನೆಯ ದಿನ ನಾನು ಕೇಳಿದೆ. ಧ್ವನಿ ಹನುಮಂತರಾಜುವಿನದೇ ಇತ್ತು. "ಹಳ್ಳದ ಸೇತುವೆಯ ಗೋಡೆ ಏನಾಯಿತು, ಯತ್ತಪ್ಪನವರೇ?"

ಆ ರಸ್ತೆಗೆ ಡಾಂಬರು ಹಾಕಿಸಿದ್ದು ಯಾರು ಎಂದ. ನಾನು ಕೇಳಿದ್ದು ಗೋಡೆ ಎಂದೆ. ನಿಮ್ಮ ಕಾಲದಲ್ಲಿ ಎಂದು ಶುರುಮಾಡಿದ. ನಮ್ಮ ಕಾಲದಲ್ಲಿ ನೂರು ತಪ್ಪು ಆಗಿರಲಿ, ಈಗ ಗೋಡೆ ಎಂದೆ. ಒಬ್ಬ ಹೆಣ್ಣುಮಗಳ ದುಃಖದಲ್ಲಿ ರಾಜಕೀಯ ಮಾಡುತ್ತೀರಾ ಎಂದು ಎದ್ದು ನಿಂತ. ಅದು ಹಿಂದಿನ ದಿನ ನಾನೇ ಬರೆದುಕೊಟ್ಟ ವಾಕ್ಯ. ಆ ಹೆಣ್ಣುಮಗಳೇ ಕೇಳುತ್ತಿದ್ದಾಳೆ ಎಂದುಕೊಳ್ಳಿ, ಎಂದೆ.

ಅವನು ಕೂತ. ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ತೋರಿಸಿದವಳು ನಾನು. ಒಂದೊಂದಾಗಿ ಮುಚ್ಚುತ್ತಾ ಬಂದಿದ್ದೆ. ಕುರಿಯೊಂದು ಕೆಮ್ಮಿತು. ಅವನು ಕುರಿಗಳ ಕಡೆ ನೋಡುತ್ತಾ ಹೇಳಿದ.

"ನಾನೇ ಕೆಡವ್ದೆ. ಆ ಬ್ಯಾಸ್ಗೇಲಿ ಊರ್ಗೆ ಕುಡಿಯೋ ನೀರಿರ್ನಿಲ್ಲ. ಬೋರ್‌ವೆಲ್ ಲಾರಿ ಬಂತು, ಸೇತ್ವೇಲಿ ತೂರ್ನಿಲ್ಲ. ಗೋಡೆ ಒಡೆದು ದಾರಿ ಮಾಡ್ದೆ. ನಾಳೆ ಕಟ್ತೀನಿ ಅಂದೆ. ಎಂಟು ದಿನ ನಾಳೆ ಅಂತಾನೇ ಇದ್ದೆ."

"ಪೂರ್ತಿ ಹೇಳ್ಲಾ," ಎಂದಳು ಹೊನ್ನಕ್ಕ.

ಅವನು ಈಗ ನನ್ನನ್ನು ಮೇಡಂ ಎನ್ನಲಿಲ್ಲ. "ಮೇಷ್ಟ್ರೂ ಇದ್ರು ಕಣಮ್ಮ. ನಾನು ಹಿಂದ್ಮುಂದೆ ನೋಡ್ತಿದ್ದೆ. ಒಡೀರಿ ಯತ್ತಪ್ಪ, ಮಕ್ಳು ಸ್ಕೂಲ್ಗೆ ಖಾಲಿ ಬಾಟ್ಲು ತರ್ತಾವೆ ಅಂದ್ರು. ಪ್ಯಾಂಟು ಮಡಿಚ್ಕೊಂಡು ಮೊದಲ್ನೇ ಕಲ್ಲು ಅವ್ರೇ ಕಿತ್ರು. ಇದನ್ನ ಯಾರ ಮುಂದೆ ಹೇಳ್ಲಿ? ಹೇಳಿದ್ರೆ, ಸತ್ತೋರ ಮೇಲೆ ಎತ್ತಾಕ್ದ ಅಂತಾರೆ."

ನಾನು ಆ ವಾರ ಕೊರಟಗೆರೆಯ ತವರಿನಲ್ಲಿದ್ದೆ. ಊರಿಗೆಲ್ಲ ಗೊತ್ತಿತ್ತು. ಊರು ಆ ಬೋರಿನ ನೀರು ಕುಡಿಯುತ್ತಿತ್ತು, ನಾನೂ ಕುಡಿಯುತ್ತಿದ್ದೆ. ನನಗೆ ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಸತ್ತವರ ಮೇಲೆ ಹೊರಿಸುವ ತಂತ್ರವೊಂದನ್ನು ಮಾತ್ರ ನಾನು ಯತ್ತಪ್ಪನಿಗೆ ಕಲಿಸಿರಲಿಲ್ಲ. ನಿಜವೇ ಅಂಥ ತಂತ್ರದ ಹಾಗೆ ಕಾಣಿಸಿದರೆ ಏನು ಮಾಡಬೇಕೆಂದು ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ.

ಶನಿವಾರ ಕಲ್ಯಾಣಮಂಟಪ ತುಂಬಿತ್ತು. ಹನುಮಂತರಾಜು ಗೋಡೆಯ ಪ್ರಶ್ನೆಯನ್ನೇ ಕೇಳಿದ, ನನ್ನಷ್ಟು ಚೆನ್ನಾಗಿ ಅಲ್ಲ. ಯತ್ತಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆಡವಿದ್ದು ನಾನೇ, ಕಟ್ಟಲಿಲ್ಲ, ತಪ್ಪು ನಂದು ಎಂದ. ಗೌರೀಶ್ ಹೆಸರು ಎತ್ತಲಿಲ್ಲ. ಹನುಮಂತರಾಜು ಕೈಯಲ್ಲಿದ್ದ ಹಾಳೆಗಳನ್ನು ಮಗುಚಿದ. ಮುಂದಿನ ಸಾಲಿನಲ್ಲಿ ಯಾರೋ ನಾಟಕ ಎಂದರು. ಮಿಕ್ಕವರೂ ನಾಟಕ ಎಂದರು.

ನಾನು ಎದ್ದು ನಿಂತೆ. ಬೋರ್‌ವೆಲ್ ಲಾರಿಯ ವಿಷಯ ಹೇಳಿದೆ. ಮೊದಲನೇ ಕಲ್ಲು ಕಿತ್ತವರು ನನ್ನ ಗಂಡ, ಎಂದೆ.

ಒಂದು ಕಡೆಯವರು ಜೋರಾಗಿ ಚಪ್ಪಾಳೆ ತಟ್ಟಿದರು. ಇನ್ನೊಂದು ಕಡೆಯಿಂದ, ಇವಳನ್ನು ಯಾರು ಕರೆತಂದು ಕೂರಿಸಿದ್ದು ಎಂಬ ಕೂಗು ಬಂತು. ಯತ್ತಪ್ಪ ವೇದಿಕೆಯಿಂದ ಬೇಡ ಎನ್ನುವಂತೆ ಕೈ ಆಡಿಸುತ್ತಿದ್ದ. ಎರಡೂ ಸದ್ದು ಒಂದೇ ಸದ್ದಾಗಿ, ತುಂಬ ದೂರದ್ದಾಗಿ ಕೇಳಿಸಿತು. ನಾನು ಹೊರಗೆ ಬಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದೂವರೆ ವರ್ಷದಿಂದ ನನ್ನಲ್ಲಿ ಉಳಿದಿದ್ದ ಗೌರೀಶ್ ಸವೆದಿದ್ದರು. ನೆನೆದದ್ದನ್ನೇ ಮತ್ತೆ ನೆನೆಯುತ್ತಿದ್ದೆ. ಈಗ ನಾನು ಎಂದೂ ನೋಡಿರದ ಒಂದು ಮಧ್ಯಾಹ್ನ ಕೈಗೆ ಸಿಕ್ಕಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ನೋಡಿದೆ. ಪ್ಯಾಂಟು ಮೊಣಕಾಲಿನವರೆಗೆ ಮಡಿಚಿದೆ. ತಲೆಯ ತುಂಬ ಗಾರೆಯ ಧೂಳು. ದೊಡ್ಡ ಲಾರಿಯ ಮುಂದೆ ನಿಂತು, ಎರಡೂ ಕೈ ಎತ್ತಿ, ಬರಲಿ, ಬರಲಿ ಎನ್ನುತ್ತಾ ಅವರು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ನಾನಿದ್ದಲ್ಲಿಗೇ ನಡೆದು ಬರುತ್ತಿದ್ದರು.