ಹರ್ಮಿಸನ ಮಡಕೆ

ನನ್ನ ಗಂಟಲಿನ ಬಗ್ಗೆ ಊರಿನವರು ಆಡಿಕೊಳ್ಳುವುದು ನನಗೆ ಗೊತ್ತು. ನಿಕಾರೆತೆ ಹಿತ್ತಲಲ್ಲಿ ಕೆಮ್ಮಿದರೆ ಪಾರ್ನೆಸ್ ಬೆಟ್ಟದ ಮೇಲೆ ಇದ್ದಿಲು ಸುಡುವವರು ತಿರುಗಿ ನೋಡುತ್ತಾರಂತೆ. ಆಡಿಕೊಳ್ಳಲಿ, ನನಗೇನು! ಹೂಗಳ ಹಬ್ಬದ ಕೊನೆಯ ಸಂಜೆ, ಸತ್ತವರನ್ನು ಮನೆಯಿಂದಾಚೆ ಕಳಿಸುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದುದು ನನ್ನ ಕೂಗೇ. ನಮ್ಮ ಮನೆಯಲ್ಲಿ ಉಳಿದುಕೊಳ್ಳುವ ಧೈರ್ಯ ಯಾವ ಸತ್ತವನಿಗೂ ಇರಲಿಲ್ಲ.

ಆ ದಿನಕ್ಕೆ ಮಡಕೆಯ ದಿನ ಎನ್ನುತ್ತೇವೆ. ಸತ್ತವರು ಮೇಲೆ ಬಂದು ಬೀದಿಬೀದಿ ತಿರುಗುವ ದಿನ. ಬೆಳಗ್ಗೆಯೇ ಮುಳ್ಳುಗಿಡದ ಎಲೆ ಅಗಿಯಬೇಕು, ಅವರು ಒಳಗೆ ನುಗ್ಗದ ಹಾಗೆ ಬಾಗಿಲಿಗೆ ಕಪ್ಪು ರಾಳ ಬಳಿಯಬೇಕು. ಮನೆಯಲ್ಲಿರುವ ಕಾಳುಗಳನ್ನೆಲ್ಲ ಜೇನು ಹಾಕಿ ಒಂದೇ ಮಡಕೆಯಲ್ಲಿ ಬೇಯಿಸಿ ಹರ್ಮಿಸ ದೇವರಿಗೆ ಇಡಬೇಕು. ಸತ್ತವರನ್ನು ಕರೆತರುವವನೂ ಅವನೇ, ಕರೆದೊಯ್ಯುವವನೂ ಅವನೇ. ಆ ಮಡಕೆಯ ಒಂದು ಕಾಳನ್ನೂ ಬದುಕಿದವರು ಬಾಯಿಗೆ ಹಾಕುವಂತಿಲ್ಲ. ಪರ್ಸೆಫೊನೆ ಪೈರಿನ ದೇವಿಯಂಥ ದೊಡ್ಡ ತಾಯಿಯ ಮಗಳು! ಸತ್ತವರ ಲೋಕದಲ್ಲಿ ಕೊಟ್ಟ ದಾಳಿಂಬೆಯ ಕಾಳು ತಿಂದಳು ನೋಡಿ, ಆ ತಾಯಿ ಲೋಕದ ಹೊಲವನ್ನೆಲ್ಲ ಒಣಗಿಸಿ ಅತ್ತರೂ ಮಗಳನ್ನು ಪೂರ್ತಿ ಬಿಡಿಸಿಕೊಳ್ಳಲಾಗಲಿಲ್ಲ. ಇನ್ನು ನಮ್ಮಂಥವರ ಪಾಡೇನು?

ಎರಡು ವರ್ಷದ ಹಿಂದೆ ನನ್ನ ಮೊಮ್ಮಗ ತೆಲೋನ್ ಚಳಿಗಾಲದ ಜ್ವರದಲ್ಲಿ ತೀರಿಕೊಂಡ. ಹೂಗಳ ಹಬ್ಬದಲ್ಲಿ ಮೂರು ವರ್ಷದ ಮಕ್ಕಳಿಗೆ ತಲೆಗೆ ಹೂವಿನ ದಂಡೆ ಮುಡಿಸಿ, ಕೈಗೊಂದು ಪುಟ್ಟ ಕೂಜೆ ಕೊಡುತ್ತಾರೆ. ಅವನ ಕೂಜೆ ಆಗಲೇ ತಂದಿಟ್ಟಾಗಿತ್ತು. ಅದರ ಮೇಲೆ ಗಾಡಿ ಎಳೆಯುವ ನಾಯಿಮರಿಯ ಚಿತ್ರವಿತ್ತು. ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ಹುಡುಗ ಹೋಗಿಬಿಟ್ಟ.

ನನ್ನ ಸೊಸೆ ಅರಿಸ್ಟಿಲ್ಲಾ ಅತ್ತು ಕರೆದು ಮಾಡಲಿಲ್ಲ. ಊಟ ಬಿಟ್ಟಳು, ಅಷ್ಟೇ. ಮಗ ಫಾನಿಯಾಸ್ ಗಡಿಯ ಕೋಟೆಯಲ್ಲಿ ಕಾವಲಿಗಿದ್ದ. ಹುಡುಗನನ್ನು ಮಣ್ಣು ಮಾಡಿ ತಿರುಗಿ ಹೊರಡುವಾಗ, "ಅಮ್ಮಾ, ಇವಳನ್ನ ಉಳಿಸ್ಕೊಡು. ಆಮೇಲೆ ನಿನ್ನನ್ನ ಏನೂ ಕೇಳಲ್ಲ," ಎಂದು ನನ್ನ ಕೈ ಹಿಡಿದುಕೊಂಡಿದ್ದ. ತೊಟ್ಟಿಲಲ್ಲಿ ಮೊಲೆ ಕುಡಿಯುವ ಹೆಣ್ಣುಕೂಸು ಮಿಕ್ಕಾ ಬೇರೆ. ನಾನು ಬೈದೆ, ಬೇಡಿದೆ, ಬಾಯಿಗೆ ತುತ್ತು ಹಿಡಿದೆ. ಅವಳು ಮುಖ ತಿರುಗಿಸುತ್ತಿದ್ದಳು. ಅವಳನ್ನೂ ಕಳೆದುಕೊಳ್ಳುತ್ತೇನೆಂದು ನನಗೆ ಒಂದೇ ಸಮನೆ ಭಯ.

ಆ ವರ್ಷದ ಮಡಕೆಯ ದಿನ ನಾನೇ ಬಾಗಿಲಿಗೆ ರಾಳ ಬಳಿದೆ. ಮಧ್ಯಾಹ್ನ ನೀರು ಹೊತ್ತು ತಂದವಳು ನೋಡುತ್ತೇನೆ, ಬಾಗಿಲಿನ ಕೆಳಭಾಗದಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಯಾರೋ ರಾಳವನ್ನು ಉಜ್ಜಿ ತೆಗೆದಿದ್ದಾರೆ. ಒಳಗೆ ಅರಿಸ್ಟಿಲ್ಲಾ ಒಲೆಯ ಮುಂದೆ ಕೂತಿದ್ದಳು. ಅವಳ ಬೆರಳೆಲ್ಲ ಕಪ್ಪಾಗಿತ್ತು. ಎದುರಿಗೆ ನಾಯಿಮರಿಯ ಕೂಜೆ, ಪಕ್ಕದಲ್ಲಿ ಹೂವಿನ ದಂಡೆ. ಮುಖದಲ್ಲಿ ನಗು.

"ಏನಾದ್ರೂ ತಿನ್ನೇ ತಾಯಿ," ಎಂದೆ.

"ತಿಂದೆ ಅತ್ತೆ."

ನನಗೆ ಹೋದ ಜೀವ ಬಂದ ಹಾಗಾಯಿತು. "ಅಯ್ಯೋ, ಬದುಕಿದೆ! ಏನು ತಿಂದೆ?"

"ತೆಲೋನ್ ತಿನ್ನಿಸ್ದ," ಎಂದಳು.

ಹರ್ಮಿಸನ ಮಡಕೆಯ ಮುಚ್ಚಳ ವಾರೆಯಾಗಿತ್ತು. ಅಂಚಿನ ಜೇನಿನಲ್ಲಿ ಬೆರಳಿನ ಗುರುತುಗಳು. ನನ್ನ ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಬೆರಳುಗಳವು. ಅರಿಸ್ಟಿಲ್ಲಾಳ ತುಟಿಯ ಮೂಲೆಯಲ್ಲಿ ಒಂದು ಬೇಳೆಕಾಳು ಅಂಟಿಕೊಂಡಿತ್ತು. ಬಾಯಿಗೆ ಬೆರಳು ಹಾಕಿ ಕಕ್ಕಿಸಲು ನೋಡಿದೆ. ಬರೀ ತಣ್ಣನೆಯ ಉಸಿರು ಬಂತು.

ಹೊತ್ತು ಮುಳುಗಿತು. ಬೀದಿಯ ಮೇಲ್ತುದಿಯಿಂದ ಕೂಗು ಶುರುವಾಗಿ ಮನೆಯಿಂದ ಮನೆಗೆ ಇಳಿದು ಬರತೊಡಗಿತು: "ಹೊರಡ್ರಪ್ಪಾ, ಹೊರಡಿ! ಹಬ್ಬ ಮುಗೀತು!" ಆ ಕೂಗು ಕೇಳಿದರೆ ಮಡಕೆಯ ಊಟ ಉಂಡವರೆಲ್ಲ ಎದ್ದು ಹೋಗಲೇಬೇಕು. ಅರಿಸ್ಟಿಲ್ಲಾ ಎದ್ದಳು. ಯಾರೋ ಕೈ ಹಿಡಿದು ಎಬ್ಬಿಸಿದ ಹಾಗೆ ಎದ್ದಳು. ನಾನು ಅವಳನ್ನು ಕೆಡವಿ, ಎರಡೂ ಕೈಯಿಂದ ಅವಳ ಕಿವಿ ಒತ್ತಿ ಹಿಡಿದುಕೊಂಡೆ. ನಾನು ಕೂಗದೆ ಬಾಯಿ ಬಿಗಿಹಿಡಿದೆ. ಎಲ್ಲರ ಮನೆಯ ಕೂಗೂ ಮುಗಿಯಿತು, ನಮ್ಮ ಮನೆಯದು ಏಳಲಿಲ್ಲ.

ಎದುರುಮನೆಯ ಸಿಮಾಲೆ ಬಾಗಿಲಿಂದಲೇ ಕೂಗಿದಳು. "ಏನೇ ನಿಕಾರೆತೆ, ನಾಲಿಗೆ ಬೆಕ್ಕು ಕಚ್ಕೊಂಡು ಹೋಯ್ತಾ? ಊರಿಗೆಲ್ಲ ಕೇಳೋ ಗಂಟಲು, ಇವತ್ತೇ ಕಟ್ಟಬೇಕಾ?"

ತೆರೆದ ಬಾಗಿಲಿನಿಂದ ಆಚೆ ನೋಡಿದೆ. ನಮ್ಮ ಬಾಗಿಲ ಮುಂದಿನ ಹರ್ಮಿಸನ ಕಲ್ಲುಕಂಬಕ್ಕೆ ಒರಗಿಕೊಂಡು ಒಬ್ಬ ನಿಂತಿದ್ದ. ಅಗಲವಾದ ಟೋಪಿ, ಕೈಯಲ್ಲಿ ಕೋಲು, ದಾರಿಹೋಕನ ಹಾಗೆ ಮೊಣಕಾಲಿನ ತನಕ ಧೂಳು. ಮುಖ ಮಾತ್ರ ಮೀಸೆ ಮೂಡದ ಹುಡುಗನದು. ಸಿಮಾಲೆ ಅವನ ಮೂಲಕವೇ ನನ್ನನ್ನು ನೋಡುತ್ತಿದ್ದಳು.

"ಕೂಗೋದಿಲ್ವಾ ತಾಯಿ?" ಎಂದು ಅವನು ಮೆಲ್ಲಗೆ ಕೇಳಿದ.

ಇಲ್ಲವೆಂದು ತಲೆಯಾಡಿಸಿದೆ.

"ಸರಿ ಬಿಡಿ, ಅವಸರ ಇಲ್ಲ. ಮುಂದಿನ ವರ್ಷ ಬರ್ತೀನಿ," ಎಂದು ಟೋಪಿ ಸರಿಮಾಡಿಕೊಂಡು ಬೀದಿ ಇಳಿದು ಹೋದ.

ಹೀಗೆ ತಾಯಿ ಮಗ ಇಬ್ಬರೂ ನಮ್ಮ ಮನೆಯಲ್ಲಿ ಉಳಿದರು. ಅರಿಸ್ಟಿಲ್ಲಾ ಓಡಾಡಿದಳು, ನೇಯ್ದಳು, ಹಾಡಿದಳು. ಆದರೆ ಅವಳು ನಾದಿದ ಹಿಟ್ಟು ಉಬ್ಬುತ್ತಿರಲಿಲ್ಲ. ದೀಪಕ್ಕೆ ಅವಳು ಕೈ ಅಡ್ಡ ಹಿಡಿದರೂ, ಅಲ್ಲಿ ಕೈಯೇ ಇಲ್ಲವೇನೋ ಎಂಬಂತೆ ಗಾಳಿ ಬೀಸಿ ದೀಪ ಆರುತ್ತಿತ್ತು. ನಮ್ಮ ನಾಯಿ ಹೊಸ್ತಿಲು ದಾಟಿ ಒಳಗೆ ಬರುವುದನ್ನು ಬಿಟ್ಟಿತು. ಕತ್ತಲಾಗುತ್ತಿದ್ದಂತೆ ಕೂಜೆ ನೆಲದ ಮೇಲೆ ಉರುಳುವ ಸದ್ದು, ಅದರ ಹಿಂದೆ ಬರಿಗಾಲಿನ ಪಟಪಟ.

ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಗುತ್ತಿತ್ತು. ಬೇಸಗೆಯಲ್ಲಿ ಒಮ್ಮೆ ನಿದ್ದೆಗಣ್ಣಿನಲ್ಲಿದ್ದಾಗ ಮಂಜುಗಡ್ಡೆಯಂಥ ಪುಟ್ಟ ಕೈಯೊಂದು ನನ್ನ ಕಿವಿಯ ಓಲೆ ಎಳೆಯಿತು. ತೆಲೋನ್ ಯಾವಾಗಲೂ ಹಾಗೆ ಎಳೆಯುತ್ತಿದ್ದ. "ಬಿಡೋ ಕಳ್ಳಾ," ಎಂದು ನಕ್ಕುಬಿಟ್ಟೆ. ಆಮೇಲೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಅತ್ತೆ.

ಮಿಕ್ಕಾ ನಡೆಯಲು ಕಲಿತಳು, ಮಾತು ಕಲಿತಳು. ಅವಳ ಮೊದಲ ಮಾತು 'ಅಮ್ಮ' ಅಲ್ಲ, 'ಅಣ್ಣ'. ಖಾಲಿ ಮೂಲೆ ನೋಡಿ ಕೈ ಚಾಚುತ್ತಿದ್ದಳು.

ಮರುವರ್ಷದ ಹಬ್ಬಕ್ಕೆ ಫಾನಿಯಾಸ್ ಮನೆಯಲ್ಲಿದ್ದ. ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಅಮ್ಮಾ, ನೀನು ದ್ರಾಕ್ಷಾರಸಕ್ಕೆ ನೀರು ಬೆರೆಸೋದು ಬಿಟ್ಟಿದ್ದೀಯ ಅನ್ಸುತ್ತೆ," ಎಂದು ನಕ್ಕ. ಯಜಮಾನ ಮನೆಯಲ್ಲಿರುವಾಗ ಕೂಗದಿದ್ದರೆ ಜನ ಏನೆಂದಾರು ಎಂದೂ ಸೇರಿಸಿದ. ಇವನನ್ನು ಹೆತ್ತದ್ದು ನಾನೇ, ಯಾರನ್ನು ಬಯ್ಯಲಿ? ಆಗಲಿ, ಅವನು ಕೂಗಲಿ, ನಾನು ಅವಳ ಕಿವಿ ಮುಚ್ಚುತ್ತೇನೆ ಎಂದುಕೊಂಡೆ. ಮಡಕೆಯ ಮುಚ್ಚಳಕ್ಕೆ ಹಗ್ಗ ಬಿಗಿದು ಗಂಟು ಹಾಕಿದೆ.

ಸಂಜೆ ಫಾನಿಯಾಸ್ ಹೊಸ್ತಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ. ಕಂಬದ ಬಳಿ ಟೋಪಿಯವನು ಆಗಲೇ ಬಂದಿದ್ದ. ನಾನು ಒಲೆಯ ಪಕ್ಕ ಕೂತು ಅರಿಸ್ಟಿಲ್ಲಾಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕಿವಿ ಮುಚ್ಚಿದೆ. ಆಗ ಮಿಕ್ಕಾ ಮೂಲೆಯಿಂದ ತಪ್ಪುಹೆಜ್ಜೆ ಹಾಕುತ್ತ ಬಂದಳು. ಅವಳ ಗಲ್ಲವೆಲ್ಲ ಮಿರಿಮಿರಿ ಮಿಂಚುತ್ತಿತ್ತು.

"ಏನೇ ಅದು ಬಾಯಲ್ಲಿ?"

"ಅಣ್ಣ ಕೊಟ್ಟ," ಎಂದಳು ಕೂಸು, ನೆಕ್ಕಿಕೊಳ್ಳುತ್ತ. "ಸೀ ಸೀ ಇದೆ."

ಮಡಕೆಯ ಕಡೆ ನೋಡಿದೆ. ನಾನು ಹಾಕಿದ ಗಂಟು ಹಾಗೇ ಇತ್ತು. ಅದರ ಪಕ್ಕದಲ್ಲಿ ನಾಯಿಮರಿಯ ಕೂಜೆ, ಅದರ ತುಂಬ ಜೇನು ಸುರಿಯುವ ಕಾಳು.

"ಫಾನಿಯಾಸ್! ಬಾರೋ ಇಲ್ಲಿ! ಕೂಗಬೇಡ್ವೋ!" ಎಂದು ಕಿರುಚಿದೆ. ಬೀದಿಯ ಕೂಗು ನಮ್ಮ ಬಾಗಿಲವರೆಗೆ ಬಂದಿತ್ತು, ಆ ಗದ್ದಲದಲ್ಲಿ ನನ್ನ ಗಂಟಲೂ ಸೋತಿತು. ಅವನು ತಿರುಗದೆ ಕೈ ಬೀಸಿದ. "ಇರಮ್ಮಾ, ಕೂಗಿ ಬಂದೆ."

ಮಿಕ್ಕಾ ಬಾಗಿಲ ಕಡೆ ತಿರುಗಿದಳು. ಅರಿಸ್ಟಿಲ್ಲಾ ನನ್ನ ಮಡಿಲಿಂದಲೇ ಕೈ ಚಾಚಿ ಮಗಳನ್ನು ಎಳೆದು, ಅವಳ ಕಿವಿ ಮುಚ್ಚಿದಳು. ಆದರೆ ದೀಪಕ್ಕೆ ಅಡ್ಡವಾಗದ ಕೈ ಕೂಗಿಗೆ ಅಡ್ಡವಾದೀತೇ? ತಾಯಿಯ ಕೈಯೊಳಗೇ ಕೂಸು ಒಂದು ಹೆಜ್ಜೆ ಹಾಕಿತು, ಇನ್ನೊಂದು ಹಾಕಿತು. ಮೈ ಹಿಮದಷ್ಟು ತಣ್ಣಗಾಗುತ್ತಿತ್ತು.

ನನಗಿರುವುದು ಎರಡೇ ಕೈ. ಯಾರನ್ನು ಬಿಡಲಿ ದೇವರೇ? ಉಳಿಸಿಕೊಡು ಎಂದು ಮಗ ಕೊಟ್ಟವಳನ್ನೋ, ಇನ್ನೂ ಹಾಲುಹಲ್ಲು ಮೂಡುತ್ತಿರುವ ಕೂಸನ್ನೋ? ನನ್ನಿಂದ ಆಗಲಿಲ್ಲ. ಕೈ ಕಲ್ಲಾಗಿ ಕೂತೆ.

ಅರಿಸ್ಟಿಲ್ಲಾ ನನ್ನ ಮುಖ ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ನನ್ನ ಕೈಗಳನ್ನು ತನ್ನ ಕಿವಿಯಿಂದ ಬಿಡಿಸಿ, ಮಿಕ್ಕಾಳ ಕಿವಿಯ ಮೇಲೆ ಇಟ್ಟಳು. "ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ," ಎಂದಳು. "ನಾನು ಕರೆದ್ರೂ ಬಿಡಬೇಡಿ."

"ಹೊರಡ್ರಪ್ಪಾ, ಹೊರಡಿ!" ಎಂದು ಫಾನಿಯಾಸ್ ಬೀದಿಯ ಕಡೆ ಮುಖ ಮಾಡಿ ಕೂಗಿದ. "ಹಬ್ಬ ಮುಗೀತು!"

ಅವಳು ಎದ್ದು ನಡೆದಳು. ಹೊಸ್ತಿಲಲ್ಲಿ ಗಂಡನ ಕಾಲ ಬಳಿ ಅವಳ ಮೈ ಕುಸಿದು ಬಿತ್ತು. ಅವಳು ಮಾತ್ರ ನಿಲ್ಲದೆ ಹೊರಗೆ ಹೋದಳು. ಅಲ್ಲಿ ದಂಡೆ ಮುಡಿದ ಹುಡುಗನೊಬ್ಬ ಅವಳ ಸೆರಗು ಹಿಡಿದುಕೊಂಡ. ಟೋಪಿಯವನು ಕೋಲೂರಿ ಮುಂದೆ ಹೊರಟ. ಫಾನಿಯಾಸ್ ಹೆಂಡತಿಯ ಮೈಯನ್ನು ಎತ್ತಿಕೊಂಡು, "ಅರಿಸ್ಟಿಲ್ಲಾ, ಏಳೇ! ಒಳಗೆ ಬಾರೇ!" ಎಂದು ಗೋಳಾಡುತ್ತಿದ್ದ. ಅವರನ್ನು ಅವನು ನೋಡಲಿಲ್ಲ.

ಬೀದಿಯ ತಿರುವಿನಲ್ಲಿ ಅವಳು ನಿಂತು ತಿರುಗಿದಳು. ಮುಖದಲ್ಲಿ ನಗುವಿತ್ತು, ಆದರೆ ಅದು ನನ್ನ ಸೊಸೆಯ ನಗುವಾಗಿರಲಿಲ್ಲ. ಎರಡೂ ಕೈ ಚಾಚಿದಳು.

"ಮಿಕ್ಕಾ," ಎಂದು ಕರೆದಳು. "ಬಾ ನನ್ನ ಬಂಗಾರ, ಅಮ್ಮನ ಹತ್ರ ಬಾ."

ತಾಯಿಯೊಬ್ಬಳು ಅಷ್ಟು ಪ್ರೀತಿಯಿಂದ ಕರೆದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಮಿಕ್ಕಾ ನನ್ನ ಮಡಿಲಲ್ಲಿ ಒದೆಯುತ್ತಿದ್ದಳು, ಅವಳ ತಲೆ ನನ್ನ ಅಂಗೈಗಳ ನಡುವೆ ಬಿಸಿಯಾಗುತ್ತಿತ್ತು. ತಿರುವಿನಲ್ಲಿ ನಿಂತವಳು ಮತ್ತೆ ಕರೆದಳು. ನಾನು ಇನ್ನಷ್ಟು ಒತ್ತಿ ಹಿಡಿದೆ.