ಬೀಗವಿಲ್ಲದ ಕೇರಿಯ ಗೊರವಂಕ

ಆ ಪಟ್ಟಣದ ಕಾಲುವೆಯಾಚೆ ಬೀಗವಿಲ್ಲದ ಕೇರಿಯೊಂದಿತ್ತು. ಅಲ್ಲಿ ಯಾರ ಮನೆಗೆ ಯಾರು ಬೇಕಾದರೂ ಹೊಕ್ಕು, ತೊಲೆ ಹೇಗೆ ಕೂತಿದೆಯೆಂದು ನೋಡಬಹುದು, ಸೋರುತ್ತಿದ್ದರೆ ತಾವೇ ಸರಿಮಾಡಬಹುದು. ಗೊತ್ತಾದದ್ದನ್ನು ಬಚ್ಚಿಡುವುದೇ ಅವಮಾನ.

ಕಾಲುವೆಯೀಚೆ ಹಕ್ಕಿಮನೆ. ಅಲ್ಲಿ ಪಳಗಿದ ಗೊರವಂಕಗಳು ಕೇಳಿದ ಹಾಡನ್ನು ಹಾಡಿದವರ ದನಿಯಲ್ಲೇ ಮರಳಿಸುತ್ತಿದ್ದವು. ಆದರೆ ಗುಟ್ಟಿನ ಬೆರಳಸನ್ನೆಯಾಗದೆ ಅವು ಕಿವಿಗೊಡುತ್ತಿರಲಿಲ್ಲ. ಕೊಂಡವರ ಮನೆಗೆ ಆಳೊಬ್ಬ ಬಂದು, ಬಟ್ಟೆಯ ಮರೆಯಲ್ಲಿ ಕೈಯಿಟ್ಟು ಸನ್ನೆ ಮಾಡುತ್ತಿದ್ದ. ಬೀಗವಿಲ್ಲದ ಕೇರಿಗೆ ಮಾತ್ರ ಆಳನ್ನು ಕಳಿಸುತ್ತಿರಲಿಲ್ಲ.

“ನಿಮ್ಮಲ್ಲಿ ಹಕ್ಕಿ ಕೊಳ್ಳುವವರು ಎಷ್ಟು ಜನ?” ಎಂದ ಹಕ್ಕಿಮನೆಯ ಯಜಮಾನ, ಕೇಳಲು ಬಂದ ಕೇರಿಯವರಿಗೆ.

“ಆಳು ಬಂದರಲ್ಲವೇ ಸ್ವಾಮಿ ಕೊಳ್ಳುವುದು? ಹೋಗಲಿ, ಸನ್ನೆ ಹೇಳಿಕೊಡಿ, ಸಾಕು.”

“ಹೇಳಿದರೆ ಊರಿಗೆಲ್ಲ ಸಾರುತ್ತೀರಿ.”

ಅದು ನಿಜವೇ ಆಗಿತ್ತು.

ಆ ಕೇರಿಯ ಹಾಡುಗಾರ್ತಿ ಕೆಂಚವ್ವನ ಗಂಟಲಲ್ಲಿ ಗಂಟು ಬೆಳೆಯುತ್ತಿತ್ತು. ದನಿ ಹೆಚ್ಚು ಕಾಲ ಉಳಿಯದು ಎಂದಿದ್ದ ವೈದ್ಯ. ಅವಳವ್ವ ಕಲಿಸಿದ ಹಾಡುಗಳು ಬೇರಾರಿಗೂ ಬರುತ್ತಿರಲಿಲ್ಲ. ಹಕ್ಕಿಯಲ್ಲಾದರೂ ಉಳಿಯಲೆಂದು ಅವಳು ಒಂದನ್ನು ಕೊಂಡು ತಂದಳು.

ನೆರೆಮನೆಯ ಬುಟ್ಟಿ ಹೆಣೆಯುವ ಭುಜಂಗ ಕಾಲುವೆದಂಡೆಯಲ್ಲಿ ಕೂತು, ಎದುರುದಡದ ಜಗಲಿಗಳಲ್ಲಿ ಸನ್ನೆ ಮಾಡುವ ಆಳುಗಳ ಬಟ್ಟೆಯ ನೆರಿಗೆ ಅಲುಗುವುದನ್ನು ನೋಡಿನೋಡಿ ಸನ್ನೆ ಊಹಿಸತೊಡಗಿದ.

“ಕೈ ಹೀಗೇ ಆಡಿಸುತ್ತಿದ್ದರೆ ನೀನೇ ಹಾರಿಹೋದೀಯೆ ಮಾರಾಯ!” ಎಂದು ನಕ್ಕವರೂ ಆಮೇಲೆ ಒಬ್ಬೊಬ್ಬರಾಗಿ ಬಂದು ಅವನ ಜೊತೆ ಕೂತರು.

“ಅಕ್ಕ, ಪರೀಕ್ಷೆಗೆ ಒಂದು ಸಾಲು,” ಎಂದ ಭುಜಂಗ, ಕೆಂಚವ್ವನ ಹಕ್ಕಿಯ ಮುಂದೆ ಕೂತು.

ಅವಳು ಹಾಡಿದಳು. ಹಕ್ಕಿ ಕೊಕ್ಕು ತಿಕ್ಕಿತು. ಇನ್ನೊಂದು ಸನ್ನೆ, ಮತ್ತದೇ ಸಾಲು. ಹಕ್ಕಿ ತಡವಾಗಿ ಒಡಕು ದನಿ ತೆಗೆಯಿತು.

“ಹತ್ತಿರ ಬಂತು. ಇನ್ನೊಮ್ಮೆ.”

“ಪೂರ್ತಿ ಹಾಡಲೇನೋ, ತಮ್ಮಾ?”

“ಬೇಡಕ್ಕ, ದನಿ ಉಳಿಸಿಕೋ. ಸನ್ನೆ ಸಿಗಲಿ, ಎಲ್ಲ ಹಾಡುವೆಯಂತೆ.”

ಹೀಗೆ ಮಳೆಗಾಲ ಕಳೆಯಿತು. ಕೂತು ಹಾಡು ಕಲಿಯಲು ಕೇರಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಸನ್ನೆ ಹುಡುಕುತ್ತಿದ್ದರು.

ಒಂದು ಬೆಳಗ್ಗೆ ಹಕ್ಕಿ ಆ ಸಾಲನ್ನು ಹಾಡಿತು. ಕೆಂಚವ್ವನದೇ ದನಿ, ಒಂದು ಕೂದಲೆಳೆಯೂ ಆಚೀಚೆಯಿಲ್ಲ. ಭುಜಂಗ ಅತ್ತುಬಿಟ್ಟ. ಸಂಜೆಯೊಳಗೆ ಕೇರಿಯ ಮಕ್ಕಳಿಗೂ ಸನ್ನೆ ಬಂದಿತ್ತು.

“ಈಗ ಹಾಡಕ್ಕ, ಎಲ್ಲವನ್ನೂ.”

ಕೆಂಚವ್ವ ಬಾಯಿ ತೆರೆದಳು. ಬರೀ ಉಸಿರು ಬಂತು. ಹಕ್ಕಿ ಕತ್ತು ವಾಲಿಸಿ ಕೇಳಿ, ಆ ಉಸಿರನ್ನೂ ತಪ್ಪಿಲ್ಲದೆ ಮರಳಿಸಿತು.

ಸುದ್ದಿ ಕಾಲುವೆ ದಾಟಿತು. ‘ನಮ್ಮ ಹಕ್ಕಿಗಳು ಬೀಗವಿಲ್ಲದ ಕೇರಿಯಲ್ಲೂ ಹಾಡುತ್ತವೆ’ ಎಂದು ಹಕ್ಕಿಮನೆ ಬೋರ್ಡು ಹಾಕಿತು. ಕೇರಿಯವರು ಹೆಮ್ಮೆಯಿಂದ ಹೋಗಿ ಕೊಂಡರು. ಹೊಸ ಹಕ್ಕಿಗಳು ತುಟಿಪಿಟಕ್ಕೆನ್ನಲಿಲ್ಲ. ಅವುಗಳ ಸನ್ನೆಯೇ ಬೇರೆಯಾಗಿತ್ತು.

ಭುಜಂಗ ಹೋಗಿ ಹೊಸ ಸನ್ನೆ ಕೇಳಿದ. ಯಜಮಾನ ಈ ಸಲ ಎದ್ದುನಿಂತು ಕೈಮುಗಿದ.

“ನಾವು ಹೇಳದೆಯೇ ಕಲಿತ ಜಾಣರು ನೀವು. ನಿಮಗೆ ನಮ್ಮ ಹಂಗೇಕೆ?”

ಅದನ್ನು ಕೇಳಿ ಕೇರಿಗೆ ಕೇರಿಯೇ ಉಬ್ಬಿತು. ಮರುದಿನವೇ ಹೊಸ ಹಕ್ಕಿಯೊಂದರ ಮುಂದೆ ಇನ್ನೊಬ್ಬ ಹಾಡುಗಾರ್ತಿಯನ್ನು ತಂದು ಕೂರಿಸಿದರು.